ಬಿಡುವ ಹೊತ್ತು

"ಹನ್ನೊಂದು ಗಂಟೆಗೆ ಅವನನ್ನ ಬಿಡ್ತಾರಂತೆ."

ವೆಂಕಟೇಶ ಬೈಕಿನಿಂದ ಇಳಿಯದೆ, ಎಂಜಿನ್ನನ್ನೂ ಆರಿಸದೆ, ಅಂಗಳದಿಂದಲೇ ಕೂಗಿ ಹೇಳಿದ. ಕಣದ ತುಂಬ ಹರಡಿದ್ದ ಕಾಫಿ ಹಣ್ಣನ್ನು ಎರಡು ದಿನದಿಂದ ಯಾರೂ ತಿರುವಿಹಾಕಿರಲಿಲ್ಲ. ಮೇಲೆ ಕಪ್ಪಾಗಿ, ಅಡಿಯಲ್ಲಿ ಬಿಸಿಯೇರಿ, ಅದರ ಹುಳಿ ವಾಸನೆ ಮನೆಯೊಳಗಿನವರೆಗೂ ಬರುತ್ತಿತ್ತು. ಜಗಲಿಯಲ್ಲಿ ಕುಳಿತಿದ್ದ ನೆಂಟರು, ನೆರೆಯವರು ಒಮ್ಮೆಗೇ ಅವನ ಕಡೆ ತಿರುಗಿದರು.

"ಯಾರಂದ್ರು?" ಎಂದ ರಾಜೇಶ. ಅವನ ದನಿ ಎರಡು ದಿನದ ಕೂಗಾಟದಲ್ಲಿ ಬಿದ್ದುಹೋಗಿತ್ತು.

"ಯಾರಂದ್ರೇನು ಮಾರಾಯ, ಇಡೀ ಪೇಟೆಗೇ ಗೊತ್ತು. ನಿನ್ನೆ ಹನ್ನೊಂದಕ್ಕೆ ಎತ್ಕೊಂಡು ಹೋಗಿದ್ದಲ್ವಾ? ಇಪ್ಪತ್ನಾಲ್ಕು ಗಂಟೆ ಮೇಲೆ ಠಾಣೇಲಿ ಇಟ್ಕೊಳ್ಳೋ ಹಾಗಿಲ್ಲವಂತೆ. ಒಂದೋ ಕೋರ್ಟಿಗೆ ಕೊಡಬೇಕಂತೆ, ಇಲ್ಲಾ ಬಿಡಬೇಕಂತೆ. ಕಾನೂನಂತೆ! ನಮ್ಮ ಮಗೂಗಿಲ್ಲದ ಕಾನೂನು ಅವನಿಗೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೂಪಶ್ರೀ ಜಗಲಿಗೆ ಬಂದಳು. ಅವಳ ಮತ್ತು ರಾಜೇಶನ ಮಗ ನಂದನ್ ಒಂದನೇ ಕ್ಲಾಸು. ಗುರುವಾರ ಸಂಜೆಯಿಂದ ಅವನಿಲ್ಲ. ಇವತ್ತು ಶನಿವಾರ.

ಬೈನೆಕೂಡಿಗೆಯ ಶಾಲೆ ಬಿಡುವುದು ಮೂರೂವರೆಗೆ. ರೂಪಶ್ರೀ ಕೆಲಸ ಮಾಡುವ ಸೊಸೈಟಿ ಮುಚ್ಚುವುದು ಐದಕ್ಕೆ. ನಡುವಿನ ಹೊತ್ತು ನಂದನ್ ಬಸ್‌ಸ್ಟ್ಯಾಂಡಿನೆದುರಿನ ಚನ್ನಬಸವನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದ. ಹಾಗೆ ಮಾಡಿದ್ದು ರೂಪಶ್ರೀಯೇ. ಶಾಲೆಗೆ ಸೇರಿಸಿದ ವರ್ಷ ಅವಳೇ ಹೋಗಿ ಕೇಳಿದ್ದಳು. ಚನ್ನಬಸವ ನಕ್ಕು, "ಅದಕ್ಕೇನ್ ಮೇಡಂ, ಕೂತ್ಕೊಳ್ಲಿ" ಎಂದಿದ್ದ. ಪೆನ್ಸಿಲು, ಪಟ್ಟಿ, ಬಣ್ಣದ ಕಾಗದಗಳ ನಡುವೆ ಹುಡುಗ ಮನೆಪಾಠ ಬರೆಯುತ್ತ ಕೂರುತ್ತಿದ್ದ.

ಗುರುವಾರ ಅವಳು ಹೋದಾಗ ಅಂಗಡಿಯಲ್ಲಿದ್ದದ್ದು ಚನ್ನಬಸವನ ಹೆಂಡತಿ ಕೃತಿಕಾ ಮಾತ್ರ. "ಮನೆಯವ್ರು ಬಂದು ಕರ್ಕೊಂಡು ಹೋದ್ರಂತಲ್ಲ ಅಕ್ಕಾ? ಇವ್ರು ಮಾಲು ತರೋಕೆ ಮೂಡಿಗೆರೆಗೆ ಹೋಗ್ತಾ ಹೇಳಿ ಹೋದ್ರು" ಎಂದಿದ್ದಳು. ರಾಜೇಶ ಕರೆದುಕೊಂಡು ಹೋಗಿರಬೇಕೆಂದು ರೂಪಶ್ರೀ ನಿಧಾನವಾಗಿ, ದಾರಿಯಲ್ಲಿ ಸೊಪ್ಪು ಕೊಂಡುಕೊಂಡು ಮನೆಗೆ ನಡೆದಿದ್ದಳು. ಆ ನಿಧಾನವನ್ನು ಅವಳು ಮತ್ತೆ ಮತ್ತೆ ನೆನೆಯುತ್ತಿದ್ದಳು. ರಾಜೇಶ ಇಡೀ ದಿನ ತೋಟ ಬಿಟ್ಟು ಕದಲಿರಲಿಲ್ಲ. ಅತ್ತೆ ವಿಮಲಮ್ಮ ಕಣ ಬಿಟ್ಟು ಕದಲಿರಲಿಲ್ಲ.

ಪೊಲೀಸರು ಚನ್ನಬಸವನನ್ನು ಕೇಳಿದರು. ಹುಡುಗನ ಅಜ್ಜಿ ಬಂದು ಕರೆದೊಯ್ದರು ಎಂದು ಅವನು ಹೇಳಿದ. ಸಬ್ ಇನ್ಸ್‌ಪೆಕ್ಟರ್ ಗಂಗಾಧರಪ್ಪ ಮನೆಗೆ ಬಂದು, "ನಿಮ್ಮ ಅತ್ತೆಯವ್ರೇ ಕರ್ಕೊಂಡು ಹೋದ್ರು ಅಂತಾನಲ್ಲ ಅವನು?" ಎಂದು ಕೇಳಿದಾಗ ವಿಮಲಮ್ಮ ಎದೆ ಬಡಿದುಕೊಂಡರು. "ನಾನು ಮನೆ ಗೇಟೇ ದಾಟಿಲ್ಲ ಸ್ವಾಮಿ! ಕೊಯ್ಲಿನ ಆಳುಗಳನ್ನೆಲ್ಲ ಕೇಳಿ ಬೇಕಾದ್ರೆ. ಎಂಥಾ ಸುಳ್ಳು ಬೊಗಳ್ತಾನೆ ಅವನು!"

ಆ ಒಂದು ಸುಳ್ಳಿನ ಮೇಲೆ ಉಳಿದದ್ದೆಲ್ಲ ಬೆಳೆಯಿತು. ಚನ್ನಬಸವನಿಗೆ ಮಕ್ಕಳಿಲ್ಲ. ಅವನ ಹತ್ತಿರ ಓಮ್ನಿ ವ್ಯಾನಿದೆ. ಹುಡುಗ ಕಾಣೆಯಾದ ಹೊತ್ತಿಗೇ ಅವನು ವ್ಯಾನು ತೆಗೆದುಕೊಂಡು ಊರು ಬಿಟ್ಟಿದ್ದ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಯಾವುದೋ ಮದುವೆಯಲ್ಲಿ ತೆಗೆದ ಅವನ ಫೋಟೋಗೆ ಕೆಂಪು ಗೆರೆ ಸುತ್ತಿ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಹಾಕಿದ್ದರು. ಅಮಾವಾಸ್ಯೆ ಹತ್ತಿರ ಬಂತೆಂದು ಒಬ್ಬ ಬರೆದ. ಬಣಕಲ್ಲಿನ ಕಡೆಯಲ್ಲಿ ನಿಧಿ ತೆಗೆಯುವವರ ಗುಂಪಿದೆ, ಅವರಿಗೆ ಕೊಟ್ಟಿರುತ್ತಾನೆ ಎಂದು ಇನ್ನೊಬ್ಬ. ಘಾಟಿ ಇಳಿಸಿ ಮಂಗಳೂರಿಗೆ ಸಾಗಿಸಿ ಆಗಿದೆ ಎಂದು ಯಾರದೋ ದನಿ, ಯಾರೆಂದು ಯಾರಿಗೂ ಗೊತ್ತಿಲ್ಲದ ದನಿ, ಊರಿನ ಪ್ರತಿ ಫೋನಿನಲ್ಲೂ ಮಾತಾಡಿತು. ಅವನು ಮಕ್ಕಳಿಗೆ ಚಾಕೊಲೇಟ್ ಕೊಡುತ್ತಿದ್ದ ಎಂಬುದನ್ನು ಎಲ್ಲರೂ ಈಗ ನೆನಪಿಸಿಕೊಂಡರು.

ರೂಪಶ್ರೀ ಇವನ್ನೆಲ್ಲ ನಂಬಿದಳೇ ಎಂದರೆ ಹೇಳುವುದು ಕಷ್ಟ. ಆದರೆ ಅವಳಿಗೆ ಅವನು ತಪ್ಪಿತಸ್ಥನಾಗಿರುವುದು ಬೇಕಾಗಿತ್ತು. ಅವನು ತಪ್ಪಿತಸ್ಥನಾದರೆ ಮಗ ಎಲ್ಲೋ ಒಂದು ಕಡೆ ಇದ್ದಾನೆ, ಆ ಜಾಗ ಅವನಿಗೆ ಗೊತ್ತು, ಇವತ್ತಲ್ಲದಿದ್ದರೆ ನಾಳೆ ಅವನು ಬಾಯಿ ಬಿಡುತ್ತಾನೆ. ಶುಕ್ರವಾರ ಅವನನ್ನು ಕರೆದೊಯ್ದ ಮೇಲೆಯೇ ಅವಳು ಒಂದು ಲೋಟ ನೀರು ಕುಡಿದದ್ದು. ಅವನನ್ನು ಬಿಟ್ಟುಬಿಟ್ಟರೆ ಮಗನಿಗೂ ತನಗೂ ಇರುವ ಒಂದೇ ದಾರ ಕಡಿದುಹೋಗುತ್ತದೆ. ಆಮೇಲೆ ಇಷ್ಟು ದೊಡ್ಡ ಕಾಡು, ಇಷ್ಟು ರಸ್ತೆಗಳು, ಅಷ್ಟೇ.

"ರೂಪಾ, ನೀನೇ ಬರಬೇಕು" ಎಂದ ವೆಂಕಟೇಶ. ಅವನು ರಾಜೇಶನ ಅಣ್ಣ. ಈ ಎರಡು ದಿನ ಊರಿನ ಹುಡುಗರನ್ನು ಕಟ್ಟಿಕೊಂಡು ಹಳ್ಳ, ತೋಟ, ಪಾಳುಮನೆಗಳನ್ನೆಲ್ಲ ಜಾಲಾಡಿಸಿದವನು. "ನಾವು ನೂರು ಜನ ಕೂಗಿದ್ರೂ ಒಂದೇ, ತಾಯಿ ಒಬ್ಳು ಗೇಟಿಗೆ ಅಡ್ಡ ಕೂತ್ರೂ ಒಂದೇ. ಹೆಂಗೆ ಬಿಡ್ತಾರೋ ನೋಡೋಣ."

ರೂಪಶ್ರೀ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

ಠಾಣೆಯ ಮುಂದೆ ಅರ್ಧ ರಸ್ತೆಗೆ ಜನವೇ ತುಂಬಿದ್ದರು. ಚಾರ್ಮಾಡಿ ಕಡೆಯಿಂದ ಬಂದ ಬಸ್ಸುಗಳು ಹಾರನ್ ಮಾಡುತ್ತ ನಿಂತಿದ್ದವು. ಎದುರಿನ ಗ್ಯಾರೇಜಿನ ಮುಂದೆ ಬಿಚ್ಚಿಟ್ಟ ಜೀಪಿನ ಮೇಲೆಲ್ಲ ಹುಡುಗರು ಹತ್ತಿ ಕೂತಿದ್ದರು. ಅವಳನ್ನು ಕಂಡದ್ದೇ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಯಾರೋ ಗೇಟಿನ ಮುಂದೆ ಜಮಖಾನ ಹಾಸಿದರು, ಯಾರೋ ನೀರಿನ ಬಾಟಲಿ ಕೈಗಿತ್ತರು. ಪರಿಚಯವಿಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ಅವಳ ತೋಳು ಹಿಡಿದುಕೊಂಡು ಅಳತೊಡಗಿದಳು. ಮೊಬೈಲುಗಳು ಅವಳ ಮುಖದ ಹತ್ತಿರಕ್ಕೆ ಬಂದವು.

"ಬಿಡಬಾರ್ದು, ಬಿಡಬಾರ್ದು!" ಎಂದು ಹಿಂದಿನಿಂದ ಕೂಗು ಎದ್ದಿತು. "ನಮ್ ಕೈಗೆ ಕೊಡಿ, ಅರ್ಧ ಗಂಟೇಲಿ ಬಾಯಿ ಬಿಡಿಸ್ತೀವಿ!"

ಕಾಂಪೌಂಡಿನ ಗೋಡೆಗೆ ಒತ್ತಿಕೊಂಡು, ಜನರಿಂದ ದೂರವಾಗಿ, ಕೃತಿಕಾ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. ತಲೆ ಬಾಚಿರಲಿಲ್ಲ. ರೂಪಶ್ರೀಯ ಕಣ್ಣು ಅವಳ ಕಡೆ ಹೋದಾಗ ಅವಳು ನೋಟ ತಪ್ಪಿಸಲಿಲ್ಲ. ತಪ್ಪಿಸಿದವಳು ರೂಪಶ್ರೀ.

ಸ್ವಲ್ಪ ಹೊತ್ತಿಗೆ ರೂಪಶ್ರೀ ಎದ್ದಳು. "ನಾನು ಒಳಗೆ ಹೋಗಿ ಸಾಹೇಬ್ರ ಹತ್ರ ಮಾತಾಡ್ತೀನಿ" ಎಂದಳು. ರಾಜೇಶ ಹಿಂದೆ ಬಂದ. ಗೇಟಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ರೇವತಿ ಇಬ್ಬರನ್ನು ಮಾತ್ರ ಒಳಗೆ ಬಿಟ್ಟು ಅಗುಳಿ ಹಾಕಿದಳು.

ಗಂಗಾಧರಪ್ಪ ನಿದ್ದೆಗೆಟ್ಟ ಮುಖದಲ್ಲಿ ಕೂತಿದ್ದರು. ಮೇಜಿನ ಮೇಲಿನ ಟೀ ಆರಿ ಕೆನೆಗಟ್ಟಿತ್ತು.

"ಬಿಡಬೇಡಿ ಸರ್" ಎಂದಳು ರೂಪಶ್ರೀ. ಕೈ ಮುಗಿದಿದ್ದಳು. "ಇನ್ನೊಂದೇ ದಿನ ಇಟ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕೂತ್ಕೊಳ್ಳಿ ಅಮ್ಮಾ." ಅವರು ಎದುರಿನ ಕುರ್ಚಿ ತೋರಿಸಿದರು. "ನೋಡಿ, ಇವನನ್ನ ಇನ್ನೂ ಇಟ್ಕೋಬೇಕು ಅಂದ್ರೆ ಮೂಡಿಗೆರೆ ಕೋರ್ಟಿಗೆ ಹಾಜರು ಮಾಡಿ ಕೇಳಬೇಕು. ಅಲ್ಲಿ ಮೊದಲು ಕೇಳೋದೇ, ಇವನ ಮೇಲೆ ಏನಿದೆ ಅಂತ. ಏನಿದೆ ಹೇಳಿ? ವ್ಯಾನು ಬಿಚ್ಚಿ ನೋಡಿದ್ವಿ. ಮೂಡಿಗೆರೇಲಿ ಅವನು ಮಾಲು ತಗೊಂಡ ಅಂಗಡಿ ಕ್ಯಾಮರಾ ನೋಡಿದ್ವಿ, ಒಬ್ಬನೇ ಇದಾನೆ. ಫೋನು ನೋಡಿದ್ವಿ. ಒಂದು ಸುಳ್ಳು ಹೇಳಿದ ಅನ್ನೋದು ಬಿಟ್ರೆ ನನ್ನ ಹತ್ರ ಏನೂ ಇಲ್ಲ."

"ಜನ ಎಲ್ಲ ಹೇಳ್ತಿದಾರಲ್ಲ ಸರ್" ಎಂದ ರಾಜೇಶ.

"ಜನ ಹೇಳ್ತಿದಾರೆ." ಗಂಗಾಧರಪ್ಪ ಕಿಟಕಿಯ ಕಡೆ ನೋಡಿದರು. "ಬರವಣಿಗೇಲಿ ತೋರಿಸದೆ ಹಾಗೇ ಎರಡು ದಿನ ಕೂರಿಸ್ಕೊಳ್ಳೋರೂ ಇದಾರೆ ರಾಜೇಶ್. ನಾನೂ ಮಾಡಿಲ್ಲ ಅಂತ ಹೇಳಲ್ಲ. ಹೊಡೆದ್ರೆ ಒಪ್ಕೋತಾನೆ. ಎಲ್ಲರೂ ಒಪ್ಕೋತಾರೆ. ಆ ಹಳ್ಳದಲ್ಲಿ ಹಾಕಿದೆ, ಈ ತೋಟದಲ್ಲಿ ಬಚ್ಚಿಟ್ಟೆ ಅಂತಾನೆ. ನಾವು ಅವನು ತೋರಿಸಿದ ಕಡೆಯೆಲ್ಲ ಅಗೀತಾ ಕೂತಿರ್ತೀವಿ. ಅಷ್ಟರಲ್ಲಿ ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಂದ ಇನ್ನೂ ದೂರ ಹೋಗಿರುತ್ತೆ."

"ಹಂಗಾದ್ರೆ ನನ್ನ ಮಗ ಎಲ್ಲಿ?"

ಗಂಗಾಧರಪ್ಪ ಮೇಜಿನ ಮೇಲಿನ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದರು. ಹೊರಗಿನ ಕೂಗು ಒಳಗೆ ಮಂದವಾಗಿ ಕೇಳುತ್ತಿತ್ತು. ರೂಪಶ್ರೀಗೆ ಇವರೂ ತನ್ನಂತೆಯೇ ಏನೂ ಗೊತ್ತಿಲ್ಲದವರು ಎಂಬುದು ಆಗ ಮೊದಲ ಸಲ ಹೊಳೆಯಿತು.

"ನಾನು ಒಂದ್ಸಲ ಅವನನ್ನ ನೋಡಬೇಕು" ಎಂದಳು.

"ನೋಡಿ ಏನ್ ಮಾಡ್ತೀರಿ?"

"ಗೊತ್ತಿಲ್ಲ ಸರ್. ನನ್ನ ಮಗನನ್ನ ಕಡೇ ಸಲ ನೋಡಿದೋನು ಅವನಲ್ವಾ?"

ಗಂಗಾಧರಪ್ಪ ಸ್ವಲ್ಪ ಯೋಚಿಸಿ ರೇವತಿಯನ್ನು ಕರೆದರು.

ಕಂಪ್ಯೂಟರ್ ಇಟ್ಟಿದ್ದ ಸಣ್ಣ ಕೋಣೆಯ ಬೆಂಚಿನ ಮೇಲೆ ಚನ್ನಬಸವ ಕೂತಿದ್ದ. ನಿನ್ನೆಯದೇ ನೀಲಿ ಅಂಗಿ. ಕೆಳತುಟಿ ಊದಿಕೊಂಡಿತ್ತು. ಅವಳನ್ನು ಕಂಡದ್ದೇ ಅವನು ಅಂಗಡಿಯಲ್ಲಿ ಏಳುತ್ತಿದ್ದಂತೆಯೇ ಎದ್ದು ನಿಂತ. ಆ ಮರ್ಯಾದೆ ಅವಳಿಗೆ ಹೊಡೆದಂತಾಯಿತು. ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅವನು ಏನಾದ್ರೂ ತಿಂದಿದ್ನಾ?" ಎಂದು ಕೇಳಿದಳು.

ಚನ್ನಬಸವ ತಬ್ಬಿಬ್ಬಾದ. ನಿನ್ನೆಯಿಂದ ಅವನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. "ತಿಂದ ಮೇಡಂ. ಡಬ್ಬೀಲಿ ಉಳಿದಿದ್ದ ಚಪಾತಿ ತಿಂದ. ಕನ್ನಡ ಕಾಪಿ ಬರೀತಿದ್ದ. ಅರ್ಧ ಪುಟ ಆಗಿತ್ತು."

"ಆಮೇಲೆ?"

"ಜೆರಾಕ್ಸಿಗೆ ಜನ ಇದ್ರು. ನಾನು ಮಷೀನ್ ಹತ್ರ ಇದ್ದೆ. ಇವನು ಚೀಲ ತುಂಬ್ಕೊಂಡು ಎದ್ದುಬಿಟ್ಟ. ಎಲ್ಲಿಗೋ ಅಂದೆ. ಅಜ್ಜಿ ಬಂದಿದಾರೆ ಅಂದ. ಬಸ್‌ಸ್ಟ್ಯಾಂಡ್ ಕಡೆ ವಯಸ್ಸಾದೋರೊಬ್ರು ನಿಂತಿದ್ರು, ಕೈ ಬೀಸ್ತಿದ್ರು. ನಾನು ಮುಖ ನೋಡ್ಲಿಲ್ಲ ಮೇಡಂ, ನೋಡಬೇಕಿತ್ತು. ಓಡಿಹೋಗಿ ಅವ್ರ ಕಾಲು ತಬ್ಕೊಂಡ. ಮನೆ ಜನ ಅಲ್ದೆ ಯಾರನ್ನ ಹಂಗೆ ತಬ್ಕೋತಾರೆ ಅಂತ..."

"ಏನಂದ? ಏನಂತ ಹೇಳ್ದ ಅವನು?"

"ಅಜ್ಜಿ ಬಂದಿದಾರೆ ಅಂತ."

"ಅವ್ವ ಅನ್ಲಿಲ್ವಾ?"

"ಇಲ್ಲ ಮೇಡಂ. ಅಜ್ಜಿ ಅಂದ. 'ನಮ್ಮಜ್ಜಿ ಬಂದಿದಾರೆ' ಅಂತ ಕುಣೀತಾ ಹೋದ."

ವಿಮಲಮ್ಮನನ್ನು ಹುಡುಗ ಒಂದು ದಿನವೂ ಅಜ್ಜಿ ಎಂದು ಕರೆದವನಲ್ಲ. 'ಅವ್ವ' ಅನ್ನಬೇಕೆಂದು ವಿಮಲಮ್ಮನೇ ಹಟ ಹಿಡಿದು ಕಲಿಸಿದ್ದರು, ಏಕೆಂದರೆ ಮನೆಯಲ್ಲಿ ಅಜ್ಜಿ ಅನ್ನುವ ಹೆಸರನ್ನು ಆಗಲೇ ಇನ್ನೊಬ್ಬಳು ತೆಗೆದುಕೊಂಡಾಗಿತ್ತು. ಭಾಗಮ್ಮ. ರೂಪಶ್ರೀಗೆ ತಾಯಿಯಿಲ್ಲವಾದ್ದರಿಂದ ಬಾಣಂತನಕ್ಕೆಂದು ಬಂದು ನಾಲ್ಕು ವರ್ಷ ಉಳಿದವಳು. ಹುಡುಗನನ್ನು ಎರೆದು, ಉಣಿಸಿ, ಬೆನ್ನಿಗೆ ಕಟ್ಟಿಕೊಂಡು ಕಾಫಿ ಕುಯ್ದವಳು. ಅವನು ಅವಳ ಮಗ್ಗುಲಲ್ಲೇ ಮಲಗುತ್ತೇನೆಂದು ಹಟ ಮಾಡತೊಡಗಿದಾಗ ವಿಮಲಮ್ಮ, "ಇದು ಅತಿಯಾಯ್ತು" ಎಂದಿದ್ದರು. ಶಾಲೆಗೆ ಸೇರಿಸುವ ನೆಪದಲ್ಲಿ ಅವಳನ್ನು ಕಳಿಸಿಬಿಟ್ಟಿದ್ದರು. ಹೊಸ ಸೀರೆ ಕೊಟ್ಟು ಬಸ್ಸು ಹತ್ತಿಸಿದವಳು ರೂಪಶ್ರೀಯೇ. ಎರಡು ದಿನದಲ್ಲಿ ಪೊಲೀಸರು ಯಾರ ಮೇಲೆ ಅನುಮಾನ, ಯಾರ ಮೇಲೆ ದ್ವೇಷ ಎಂದು ಎಷ್ಟು ಸಲ ಕೇಳಿದ್ದರು! ಆ ಹೆಸರು ಅವಳ ತಲೆಗೆ ಬಂದೇ ಇರಲಿಲ್ಲ. ಅವಳ ಪಾಲಿಗೆ ಭಾಗಮ್ಮ ಹೋಗಿ ಆಗಿತ್ತು.

ಆಮೇಲಿನದೆಲ್ಲ ಬೇಗ ನಡೆಯಿತು. ರೂಪಶ್ರೀ ಓಡಿಬಂದು ಹೇಳಿದಾಗ ರಾಜೇಶನಿಗೆ ಭಾಗಮ್ಮನ ತಮ್ಮ ಕುದುರೆಮುಖದಲ್ಲಿ ಖಾಲಿ ಬಿದ್ದ ಕ್ವಾರ್ಟರ್ಸುಗಳ ವಾಚ್‌ಮನ್ ಎಂಬುದು ನೆನಪಾಯಿತು. ಗಂಗಾಧರಪ್ಪ ಎರಡು ಫೋನು ಮಾಡಿದರು. ಕಳಸದ ಬಸ್ಸಿನ ಕಂಡಕ್ಟರ್ ಸಿಕ್ಕಿದ. ಗುರುವಾರ ಸಂಜೆ ಯೂನಿಫಾರಂ ಹಾಕಿದ ಹುಡುಗನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಮುದುಕಿ ಅವನಿಗೆ ಚೆನ್ನಾಗಿ ನೆನಪಿತ್ತು. ಅಜ್ಜಿ ಮೊಮ್ಮಗ ಎಂದುಕೊಂಡಿದ್ದೆ ಎಂದ.

"ಜೀಪು ತೆಗೀರಿ" ಎಂದರು ಗಂಗಾಧರಪ್ಪ. ಹೆಡ್‌ಕಾನ್‌ಸ್ಟೇಬಲ್ ಕಡೆ ತಿರುಗಿ, "ಚನ್ನಬಸವನ ಸಹಿ ತಗೊಂಡು ಕಳಿಸಿ. ಆದ್ರೆ ಜನ ಕರಗಲಿ ಮೊದಲು. ಅಲ್ಲೀವರೆಗೆ ಒಳಗೇ ಕೂತಿರೋಕೆ ಹೇಳಿ" ಎಂದರು.

ಚನ್ನಬಸವ ಬಾಗಿಲಿಗೆ ಬಂದಿದ್ದ. "ನಾನು ಹೋಗಬಹುದಲ್ವಾ ಸರ್?" ಎಂದು ಕೇಳಿದ.

"ಹೋಗಬಹುದು ಮಾರಾಯ. ಸ್ವಲ್ಪ ಹೊತ್ತು ಕೂತಿದ್ದು ಹೋಗು."

"ಇಲ್ಲ ಸರ್. ಬಿಟ್ಟಿದೀರಿ ಅಂದ್ರೆ ನಾನು ಹೋಗ್ತೀನಿ." ಅವನ ದನಿ ಗಟ್ಟಿಯಾಗಿರಲಿಲ್ಲ, ಆದರೆ ಇನ್ನೊಂದು ಕ್ಷಣವೂ ಆ ಕಟ್ಟಡದಲ್ಲಿ ಅವನು ಕೂರುವವನಲ್ಲ ಎಂಬುದು ಕಾಣುತ್ತಿತ್ತು.

ರೂಪಶ್ರೀ ಮೆಟ್ಟಿಲಿಳಿಯುವಾಗ ಕೃತಿಕಾ ಹೇಗೋ ಒಳಗೆ ನುಸುಳಿ ಬಂದು ಅವಳ ಕೈ ಹಿಡಿದಳು. "ಅಕ್ಕಾ, ಒಂದೇ ನಿಮಿಷ. ಅವ್ರ ಜೊತೆ ಗೇಟಿನ ತನಕ ಬನ್ನಿ. ಅವ್ರದ್ದೇನೂ ಇಲ್ಲ ಅಂತ ನೀವೇ ಒಂದು ಮಾತು ಹೇಳಿ. ನೀವು ಹೇಳಿದ್ರೆ ಯಾರೂ ಮುಟ್ಟಲ್ಲ ಅಕ್ಕಾ."

ಜೀಪಿನ ಎಂಜಿನ್ ಶುರುವಾಗಿತ್ತು. "ರೂಪಾ, ಬಾ ಬೇಗ!" ರಾಜೇಶ ಒಳಗಿನಿಂದ ಕೈ ಚಾಚಿದ. ರೂಪಶ್ರೀ ಕೃತಿಕಾಳ ಮುಖ ನೋಡಿದಳು. ಕೈ ಬಿಡಿಸಿಕೊಂಡಳು.

"ಬಂದು ಮಾತಾಡ್ತೀನಿ" ಎಂದು ಜೀಪು ಹತ್ತಿದಳು.

ಗೇಟು ತೆರೆದಾಗ ಜನ ಜೀಪಿನ ಬಾನೆಟ್ಟು ಬಡಿದು, "ಎಲ್ಲಿಗೆ? ಎಲ್ಲಿಗೆ?" ಎಂದು ಕೂಗಿದರು. ಪೊಲೀಸರು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರೆಲ್ಲ ಬೈಕು ತೆಗೆದುಕೊಂಡು ಹಿಂದೆ ಬರುವರೆಂಬ ಭಯ. ರೂಪಶ್ರೀಗೂ ಕಿಟಕಿಯಿಂದ ತಲೆ ಹೊರಹಾಕಿ ಒಂದು ಮಾತು ಹೇಳಬಹುದೆನ್ನಿಸಲಿಲ್ಲ. ತಿರುವಿನಲ್ಲಿ ಹಿಂದೆ ನೋಡಿದಾಗ ಜನರೆಲ್ಲ ಗೇಟಿನ ಕಡೆ ಮುಖ ಮಾಡಿದ್ದರು. ಅವರ ಬೆನ್ನುಗಳಷ್ಟೇ ಕಂಡವು.

ಕೊಟ್ಟಿಗೆಹಾರ, ಬಾಳೂರು, ಕಳಸ, ಸಂಸೆ. ದಾರಿಯುದ್ದಕ್ಕೂ ಕೊಯ್ಲಿನ ಜನ, ಮೂಟೆ ಹೊತ್ತ ಪಿಕಪ್ಪುಗಳು. ರೂಪಶ್ರೀ ತುಟಿ ಕಚ್ಚಿ ಹಿಡಿದು ಕೂತಿದ್ದಳು. ಮಗ ಅಲ್ಲಿ ಇಲ್ಲದಿದ್ದರೆ ಎಂಬುದನ್ನು ಯೋಚಿಸದಿರಲು ಪ್ರತಿ ತಿರುವನ್ನೂ ನೋಡುತ್ತಿದ್ದಳು.

ಕುದುರೆಮುಖದಲ್ಲಿ ಗಣಿ ಮುಚ್ಚಿದ ಮೇಲೆ ಜನ ಬಿಟ್ಟುಹೋದ ಮನೆಗಳು ಸಾಲುಸಾಲಾಗಿ ನಿಂತಿದ್ದವು. ಕಿಟಕಿಗಳಿಗೆ ಗಾಜಿರಲಿಲ್ಲ, ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು ಆಳೆತ್ತರ ಬೆಳೆದಿತ್ತು. ಒಂದೇ ಒಂದು ಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ಜೀಪು ನಿಲ್ಲುವ ಮೊದಲೇ ರೂಪಶ್ರೀ ಇಳಿದು ಓಡಿದಳು.

ನಂದನ್ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಅಕ್ಕಿರೊಟ್ಟಿ ಚೂರು ಮಾಡಿ ಕೋಳಿಮರಿಗಳಿಗೆ ಹಾಕುತ್ತಿದ್ದ. ಯಾರದೋ ದೊಡ್ಡ ಅಂಗಿ ತೊಟ್ಟಿದ್ದ. "ಅಮ್ಮಾ, ನೋಡು, ಇದಕ್ಕೆ ಒಂದೇ ಕಣ್ಣು" ಎಂದ. ಅವಳು ಅವನನ್ನು ಬಾಚಿ ತಬ್ಬಿಕೊಂಡಾಗ, "ಮರಿ ಹೆದರುತ್ತೆ" ಎಂದು ಕೊಸರಿದ.

ಭಾಗಮ್ಮ ಒಲೆಯ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಪೊಲೀಸರನ್ನು ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಳಗೆ ಹೋಗಿ ಹುಡುಗನ ಯೂನಿಫಾರಂ ತಂದಳು. ಒಗೆದು, ಮಡಿಸಿ ಇಟ್ಟಿದ್ದಳು.

"ನೋಡಬೇಕು ಅನ್ನಿಸ್ತು ರೂಪಮ್ಮ" ಎಂದಳು. "ಒಂದು ರಾತ್ರಿ ಇಟ್ಕೊಂಡು ಬೆಳಗ್ಗೆ ತಂದು ಬಿಡೋಣ ಅಂತಾನೇ ಬಂದಿದ್ದು. ನಿನ್ನೆ ನನ್ನ ತಮ್ಮ ಕಳಸಕ್ಕೆ ಹೋಗಿ ಬಂದೋನು ಪೊಲೀಸ್ನೋರು ಹುಡುಕ್ತಿದಾರೆ, ಯಾರನ್ನೋ ಹಿಡಿದಿದಾರೆ ಅಂದ. ಕಾಲೇ ಬರ್ಲಿಲ್ಲ. ಇವತ್ತು ತರೋಣ, ಮಧ್ಯಾಹ್ನ ತರೋಣ ಅಂತ..."

"ಯಾರನ್ನೋ ಹಿಡಿದಿದಾರೆ ಅಂತ ಗೊತ್ತಿದ್ದೂ ಸುಮ್ನೆ ಕೂತಿದ್ದಾ?" ರಾಜೇಶ ಅವಳ ಮೇಲೇರಿ ಹೋದ. ಗಂಗಾಧರಪ್ಪ ನಡುವೆ ಬಂದರು. ರೂಪಶ್ರೀಗೂ ಕೈ ಎತ್ತಬೇಕೆನ್ನಿಸಿತು. ಆದರೆ ಕೈಯಲ್ಲಿ ಒಗೆದ ಬಟ್ಟೆಯಿತ್ತು.

ರೇವತಿ ಭಾಗಮ್ಮನ ತೋಳು ಹಿಡಿದು ಹಿಂದೆಯೇ ಬಂದಿದ್ದ ಎರಡನೆಯ ಜೀಪಿಗೆ ಹತ್ತಿಸಿದಾಗ ನಂದನ್ ಮೊದಲ ಸಲ ಅತ್ತ. "ಅಜ್ಜಿ ನಮ್ಮ ಜೊತೆ ಬರಲಿ" ಎಂದು ಕಿರುಚಿದ. ಅವನನ್ನು ಒತ್ತಿ ಹಿಡಿದುಕೊಳ್ಳಬೇಕಾಯಿತು.

ಊರಿಗೆ ಬಂದಾಗ ಪಟಾಕಿ ಹೊಡೆಯುತ್ತಿದ್ದರು. ಯಾರೋ ಗಂಗಾಧರಪ್ಪನವರಿಗೆ ಹಾರ ಹಾಕಿದರು. ಹುಡುಗನನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡರು. ಅಷ್ಟರಲ್ಲೇ ಫೋನುಗಳಲ್ಲಿ ಭಾಗಮ್ಮನ ಮುಖ ಬಂದಿತ್ತು. ಅವಳು ಮಕ್ಕಳನ್ನು ಮಾರುವ ಗುಂಪಿನವಳಂತೆ, ಕುದುರೆಮುಖದ ಮನೆಗಳಲ್ಲಿ ಇನ್ನೂ ಮಕ್ಕಳಿದ್ದರಂತೆ. "ನಾಳೆ ಕೋರ್ಟಿಗೆ ಕೊಡ್ತಾರಂತೆ. ಇವಳನ್ನಾದ್ರೂ ಬಿಡದೇ ಇರಲಿ" ಎಂದು ಜಗಲಿಯಲ್ಲಿ ಕೂತ ಒಬ್ಬರು ಹೇಳಿದರು. ವಿಮಲಮ್ಮ ಮೊಮ್ಮಗನಿಗೆ ದೃಷ್ಟಿ ತೆಗೆಯುತ್ತಿದ್ದರು. ಭಾಗಮ್ಮನ ಹೆಸರು ಬಂದಾಗ ಮಾತ್ರ ಒಂದು ಗಳಿಗೆ ಅವರ ಕೈ ನಿಂತಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ, ನಾಲ್ಕು ವರ್ಷ ತನ್ನ ಮಗನನ್ನು ಸಾಕಿದವಳು ಭಾಗಮ್ಮನೇ ಎಂಬುದನ್ನೂ ಸೇರಿಸಿ ಎಂದು ರೂಪಶ್ರೀ ಹೇಳಿದ್ದಳು. ರಾಜೇಶ ಅದನ್ನು ಕೇಳಿ ಮುಖ ತಿರುಗಿಸಿಕೊಂಡಿದ್ದ.

"ಚನ್ನಬಸವ ಮನೆಗೆ ಹೋದ್ನಾ ಭಾವ?" ಎಂದು ಅವಳು ವೆಂಕಟೇಶನನ್ನು ಕೇಳಿದಳು.

"ಹೋದ, ಹೋದ." ವೆಂಕಟೇಶ ನಕ್ಕ. ಸುತ್ತ ಇದ್ದ ಒಂದಿಬ್ಬರು ನಗಲಿಲ್ಲ. "ಜನಕ್ಕೇನು ಗೊತ್ತು ಆ ಹೊತ್ತಲ್ಲಿ? ಸ್ವಲ್ಪ ಗಲಾಟೆ ಆಯ್ತು. ಪರವಾಗಿಲ್ಲ ಬಿಡು, ಬೇರೆಯೋರ ಮಕ್ಕಳನ್ನ ಅಂಗಡೀಲಿ ಕೂರಿಸ್ಕೋಬಾರ್ದು ಅಂತ ಅವನಿಗೂ ಬುದ್ಧಿ ಬಂತು."

ಏನಾಯಿತೆಂಬುದು ಅವಳಿಗೆ ಗೊತ್ತಾದದ್ದು ಸೊಸೈಟಿಯ ಸಹೋದ್ಯೋಗಿಯೊಬ್ಬಳು ಕಳಿಸಿದ ವಿಡಿಯೋದಿಂದ. ಗೇಟು ತೆರೆಯುತ್ತದೆ. ನೀಲಿ ಅಂಗಿ ಹೊರಬರುತ್ತದೆ, ಪಕ್ಕದಲ್ಲಿ ಕೃತಿಕಾ. ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆಯ ಡಬ್ಬವನ್ನು ಯಾರೋ ಎತ್ತಿ ಅವನ ತಲೆಯ ಮೇಲೆ ಸುರಿಯುತ್ತಾರೆ. ಅವನು ಕಣ್ಣು ಮುಚ್ಚಿಕೊಂಡು ಕೈ ಚಾಚಿ ದಾರಿ ಹುಡುಕುತ್ತಾನೆ. ಟಿಫನ್ ಕ್ಯಾರಿಯರ್ ರಸ್ತೆಯ ಮೇಲೆ ಉರುಳುತ್ತದೆ. ಪೊಲೀಸರು ಓಡಿಬರುತ್ತಾರೆ. ಡಬ್ಬ ಹಿಡಿದವನ ಮುಖ ಕಾಣುವುದಿಲ್ಲ, ಕ್ಯಾಮರಾಗೆ ಬೆನ್ನು. ಆದರೆ ಮೈಮೇಲಿನ ಆ ಚೌಕಳಿ ಅಂಗಿಯನ್ನು ಹೋದ ದೀಪಾವಳಿಗೆ ಭಾವನಿಗೆ ತಂದುಕೊಟ್ಟವಳು ರೂಪಶ್ರೀಯೇ.

ಅವಳು ಆ ವಿಡಿಯೋವನ್ನು ರಾಜೇಶನಿಗೆ ತೋರಿಸಿದಳು. ಅವನು ಕೊನೆಯವರೆಗೂ ನೋಡಿ ಫೋನನ್ನು ಹಿಂದಕ್ಕೆ ಕೊಟ್ಟ. "ನಮಗೋಸ್ಕರ ಮಾಡಿದ್ದು" ಎಂದ. ಆಮೇಲೆ, "ಈಗ ಏನ್ ಮಾಡೋಕಾಗುತ್ತೆ?" ಎಂದ.

ಭಾನುವಾರ ಬೆಳಗ್ಗೆ ಕಣದಲ್ಲಿ ರಾಜೇಶ ಕಾಫಿ ತಿರುವುತ್ತಿದ್ದಾಗ ಅವಳು ಯಾರಿಗೂ ಹೇಳದೆ ಪೇಟೆಗೆ ನಡೆದಳು. ಜೆರಾಕ್ಸ್ ಅಂಗಡಿಯ ಶಟರ್ ಎಳೆದಿತ್ತು. ಅಂಗಡಿಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋದರೆ ಅವರ ಮನೆ. ಅಂಗಳದ ತಂತಿಯ ಮೇಲೆ ನೀಲಿ ಅಂಗಿ ಒಣಹಾಕಿತ್ತು. ಅದು ಈಗ ನೀಲಿಯಾಗಿರಲಿಲ್ಲ.

ಕೃತಿಕಾ ಬಾಗಿಲಿಗೆ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಮಗ ಸಿಕ್ಕಿದ್ನಂತೆ" ಎಂದಳು.

"ಹ್ಞೂಂ."

"ಚೆನ್ನಾಗಿದಾನಾ? ಊಟ ಮಾಡ್ತಿದಾನಾ?"

"ಮಾಡ್ತಿದಾನೆ."

ಹಿಂದಿನ ಬಚ್ಚಲಿನಿಂದ ನೀರು ಸುರಿಯುವ ಸದ್ದು ಬರುತ್ತಿತ್ತು. ಒಂದು ಚೊಂಬು, ಮತ್ತೆ ಒಂದು ಚೊಂಬು, ನಡುವೆ ಮೈ ತಿಕ್ಕುವ ಸದ್ದು.

"ಸೀಮೆಎಣ್ಣೇಲಿ ಒರೆಸಿದೆ, ಸೀಗೆಪುಡಿ ಹಾಕಿದೆ, ಬಟ್ಟೆ ಸೋಪೂ ಹಾಕಿ ಆಯ್ತು" ಎಂದಳು ಕೃತಿಕಾ. "ನಿನ್ನೆಯಿಂದ ಇದು ಎಷ್ಟನೇ ಸಲವೋ. ಕಿವಿಯೊಳಗೆಲ್ಲ ಹೋಗಿದೆ. ಹೋಯ್ತು ಅಂದ್ರೂ ಕೇಳಲ್ಲ, ಇನ್ನೂ ವಾಸನೆ ಬರ್ತಿದೆ ಅಂತಾರೆ."

"ಕೃತಿಕಾ, ನಾನು ನಿನ್ನೆ..." ರೂಪಶ್ರೀ ಶುರುಮಾಡಿದಳು.

"ನಿಮ್ಮ ಜಾಗದಲ್ಲಿ ನಾನಿದ್ರೂ ಜೀಪು ಹತ್ತುತಿದ್ದೆ ಅಕ್ಕಾ" ಎಂದಳು ಕೃತಿಕಾ. ಅದನ್ನು ಹೇಳುವಾಗ ಅವಳ ಮುಖ ಸ್ವಲ್ಪವೂ ಸಡಿಲಲಿಲ್ಲ.

ಬಚ್ಚಲಿನ ಸದ್ದು ನಿಂತಿತು. "ಯಾರು ಬಂದಿರೋದು?" ಎಂದು ಚನ್ನಬಸವ ಒಳಗಿನಿಂದ ಕೇಳಿದ.

ಕೃತಿಕಾ ರೂಪಶ್ರೀಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯನ್ನು ಒಳಕ್ಕೆ ತಿರುಗಿಸಿ, "ಯಾರೂ ಇಲ್ಲ. ನೀವು ಸ್ನಾನ ಮಾಡಿ" ಎಂದಳು.

ಮತ್ತೆ ಚೊಂಬು ಹಂಡೆಯಲ್ಲಿ ಮುಳುಗಿದ ಸದ್ದು ಕೇಳಿತು. ಬಚ್ಚಲಿನ ನೀರು ಗೋಡೆಯ ಬುಡದ ಕಾಲುವೆಯಿಂದ ಹೊರಬಂದು, ಅಂಗಳದ ಇಳಿಜಾರಿನಲ್ಲಿ ಅವಳು ನಿಂತ ಕಡೆಗೆ ನಿಧಾನವಾಗಿ ಹರಿಯತೊಡಗಿತು. ನೊರೆಯ ಮೇಲೆ ತೆಳ್ಳನೆಯ ಎಣ್ಣೆಯ ಪೊರೆ ಬಿಸಿಲಿಗೆ ಹೊಳೆಯುತ್ತಿತ್ತು. ರೂಪಶ್ರೀ ಅದು ಬರುವುದನ್ನು ನೋಡುತ್ತ ನಿಂತಳು. ಪಾದಕ್ಕೆ ತಗಲಿದಾಗಲೂ ಕಾಲು ಹಿಂದೆಗೆಯಲಿಲ್ಲ.